ಸೂರ್ಯನ ಕುದುರೆಗೆ ಜ್ವರ, ಮತ್ತು ಅದರ ಮೊಟ್ಟೆಯುಂಡೆಗೆ ಒಂದು ಹೆಸರು

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯಲ್ಲಿರುವ ನಮ್ಮಕ್ಕನ ಮಗಳು ಎಂಟನೇ ಕ್ಲಾಸು. ದಸರಾ ರಜಕ್ಕೆ ಚನ್ನಪಟ್ಟಣಕ್ಕೆ ಬಂದವಳು ನನ್ನ ಡಬ್ಬಗಳಲ್ಲಿದ್ದ ಸೂರ್ಯನ ಕುದುರೆ ಮರಿಗಳನ್ನು ನೋಡಿ ಆಸೆಪಟ್ಟು ಆರು ಮರಿ ತೆಗೆದುಕೊಂಡು ಹೋದಳು. ಸಾಕುವ ಬಗೆಯನ್ನು ನಾಲ್ಕು ಪುಟ ಬರೆದು ಕಳಿಸಿದೆ. ಮೂರನೇ ದಿನವೇ ಫೋನು: "ಮಾಮಾ, ಜ್ವರ ಬಂದಾಗ ಏನೂ ತಿನ್ನಾಕ ಕೊಡಬ್ಯಾಡ ಅಂತ ಬರದೀರಿ. ಹಂಗ ಬಿಟ್ರ ಸಾಯಂಗಿಲ್ಲೇನು? ಔಷಧ ಯಾವುದು?"

ತಪ್ಪು ಅವಳದಲ್ಲ, ನನ್ನ ಪದದ್ದು. ಅದಕ್ಕೇ ಈ ಪತ್ರ.

ಮೊದಲು ಹುಳು ಯಾವುದು ಅಂತ ಹೇಳಿಬಿಡುತ್ತೇನೆ. ಮುಂಗಾಲು ಮಡಿಸಿ ಕೈಮುಗಿದ ಹಾಗೆ ಕೂತು, ತಲೆ ಹೊರಳಿಸಿ ನಮ್ಮನ್ನೇ ನೋಡುತ್ತದಲ್ಲ, ಅದು. ಪುಸ್ತಕದವರು 'ಪ್ರಾರ್ಥನಾ ಕೀಟ' ಅನ್ನುತ್ತಾರೆ. ತಮಿಳಿನಲ್ಲಿ ಕುಂಬಿಡುಪೂಚ್ಚಿ, ಮಲಯಾಳದಲ್ಲಿ ತೊಳುಕೈಯ್ಯನ್. ಎರಡರಲ್ಲೂ ಕೈಮುಗಿಯುವುದೇ ಇದೆ. ನಮ್ಮ ಮನೆಯಲ್ಲಿ ಮೊದಲಿಂದ ಸೂರ್ಯನ ಕುದುರೆ, ನಾನೂ ಹಾಗೇ ಬರೆಯುತ್ತೇನೆ. ಈ ಹೆಸರನ್ನು ಬೇರೆ ಹುಳುವಿಗೆ ಇಟ್ಟುಕೊಂಡ ಊರಿನವರು ದಯವಿಟ್ಟು ಆ ಜಗಳವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಇನ್ನು ಜ್ವರ. ಅಮ್ಮ ಇಪ್ಪತ್ತು ವರ್ಷ ರೇಷ್ಮೆಹುಳು ಮೇಯಿಸಿದವಳು. ರೇಷ್ಮೆಹುಳು ನಾಲ್ಕು ಸಲ ಚರ್ಮ ಬದಲಿಸುತ್ತದೆ. ಪ್ರತಿ ಸಲವೂ ಮೊದಲು ಸೊಪ್ಪು ಬಿಟ್ಟು, ತಲೆ ಎತ್ತಿ, ಕಲ್ಲಿನ ಹಾಗೆ ಕೂತುಬಿಡುತ್ತದೆ. ಅದೇ ಜ್ವರ. ಒಂದನೇ ಜ್ವರ, ಎರಡನೇ ಜ್ವರ ಅಂತ ಲೆಕ್ಕ. ಹುಳು ಜ್ವರಕ್ಕೆ ಕೂರುತ್ತದೆ, ಜ್ವರದಿಂದ ಏಳುತ್ತದೆ. ಎದ್ದ ಮೇಲೆಯೇ ಸೊಪ್ಪು. ನನ್ನ ಡಬ್ಬದಲ್ಲಿ ಒಂದು ಮರಿ ನೊಣ ಎದುರಿಗೆ ಬಂದರೂ ಕೈ ಚಾಚದೆ ಪರದೆಗೆ ತಲೆಕೆಳಗಾಗಿ ನೇತಾಡುತ್ತಿದ್ದಾಗ ನಾನು ಗಾಬರಿಯಾಗಿದ್ದೆ. ಅಮ್ಮ ಒಂದು ಸಲ ಬಗ್ಗಿ ನೋಡಿ "ಜ್ವರಕ್ಕೆ ಕೂತದೆ ಕಣೋ, ಸುಮ್ಕಿರು" ಅಂದಳು. ಅವಳು ಅದುವರೆಗೆ ಸೂರ್ಯನ ಕುದುರೆ ಸಾಕಿದವಳಲ್ಲ. ಮಾರನೇ ಬೆಳಿಗ್ಗೆ ಪರದೆಯಲ್ಲಿ ಹುಳುವಿನದೇ ಆಕಾರದ ತೆಳ್ಳನೆ ಬಿಳಿ ಸಿಪ್ಪೆ, ಪಕ್ಕದಲ್ಲಿ ಒಂದು ಸುತ್ತು ಉದ್ದವಾದ ಮರಿ.

ವಿಜ್ಞಾನದ ಕನ್ನಡದಲ್ಲಿ ಇದಕ್ಕೆ 'ಪೊರೆ ಕಳಚುವಿಕೆ', ಇನ್ನೂ ಬಿಗಿಯಾಗಿ ಬರೆಯುವವರಲ್ಲಿ 'ನಿರ್ಮೋಚನ'. ಪೊರೆ ಒಳ್ಳೆಯ ಪದ, ಹಾವಿನಿಂದ ಎಲ್ಲರಿಗೂ ಗೊತ್ತು. ಆದರೆ ಪೊರೆ ಬಿಡುವುದು ಕೊನೆಯ ಆ ಅರ್ಧ ಗಂಟೆಯ ಕೆಲಸ. ಅದಕ್ಕೂ ಮುಂಚಿನ ಉಪವಾಸ, ಮಂಕು, ನೇತಾಟ, ಎಲ್ಲ ಸೇರಿ ಜ್ವರ. ಇಂಗ್ಲಿಷಿನ ಮೋಲ್ಟ್ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಸಾಕುವವನಿಗೆ ಎರಡೂ ಬೇರೆ ಬೇರೆಯಾಗಿ ಬೇಕು: ಜ್ವರದಲ್ಲಿದ್ದಾಗ ಡಬ್ಬದಲ್ಲಿ ಜೀರುಂಡೆ ಮಿಡತೆ ಬಿಟ್ಟಿರಬಾರದು, ಮೆತ್ತಗಾದ ಮರಿಯನ್ನು ಅವೇ ಕಚ್ಚಿಬಿಡಬಹುದು; ಪೊರೆ ಬಿಡುವಾಗ ಡಬ್ಬವನ್ನೇ ಮುಟ್ಟಬಾರದು. ಜಾರಿ ಇಳಿಯಲು ಹುಳುವಿನ ಉದ್ದದ ಮೂರರಷ್ಟು ಎತ್ತರ ಇರಬೇಕು. ಇಲ್ಲದಿದ್ದರೆ ನೆಲ ತಾಗಿ ಕಾಲು ಸೊಟ್ಟಗಾಗಿ ಒಣಗುತ್ತವೆ. ನನ್ನದೊಂದು ಹಾಗಾಯಿತು, ಕಾಫಿಪುಡಿ ಡಬ್ಬದ ದೆಸೆಯಿಂದ.

ಹಾಗಾಗಿ ಎರಡು ಪದವನ್ನೂ ಉಳಿಸಿಕೊಳ್ಳುವುದು ನನ್ನ ಇಷ್ಟ. ತೊಡಕು ಹುಬ್ಬಳ್ಳಿಯದು. ರೇಷ್ಮೆ ಕಾಣದ ಮನೆಯಲ್ಲಿ ಜ್ವರ ಅಂದರೆ ಕಷಾಯ.

ಮರಿ ಅಂದೆನಲ್ಲ, ಅದರಲ್ಲೂ ಒಂದು ಕಥೆಯಿದೆ. ಬೆಳೆ ಕೀಟಗಳ ಬಗ್ಗೆ ಬರುವ ಕೃಷಿ ಬರಹಗಳಲ್ಲಿ "ಅಪ್ಸರೆಗಳು ಮತ್ತು ಪ್ರೌಢ ಕೀಟಗಳು ರಸ ಹೀರುತ್ತವೆ" ಎಂಬಂಥ ವಾಕ್ಯಗಳನ್ನು ನೀವೂ ಓದಿರಬಹುದು. ಇಂಥ ಮರಿಗೆ ಇಂಗ್ಲಿಷಿನಲ್ಲಿ ನಿಂಫ್ ಅನ್ನುತ್ತಾರೆ, ನಿಂಫ್ ಅಂದರೆ ಗ್ರೀಕರ ವನದೇವತೆ. ನಮ್ಮವರು ಅವಳನ್ನು ಇಂದ್ರಸಭೆಯಿಂದ ನೇರ ಭತ್ತದ ಗದ್ದೆಗೆ ಇಳಿಸಿದ್ದಾರೆ. ಜಿಗಿಹುಳು ಬಡಿದ ಗದ್ದೆಯ ಬದುವಿನಲ್ಲಿ ನಿಂತ ರೈತನಿಗೆ ಅಪ್ಸರೆ ಯಾಕೆ ಬೇಕು? ಸೂರ್ಯನ ಕುದುರೆಗೆ ಕೋಶಾವಸ್ಥೆ ಇಲ್ಲ, ಮೊಟ್ಟೆಯಿಂದ ಬಂದದ್ದು ರೆಕ್ಕೆಯೊಂದು ಬಿಟ್ಟರೆ ಅಪ್ಪ ಅಮ್ಮನ ಅಚ್ಚು. ಅದಕ್ಕೆ ಕನ್ನಡದಲ್ಲಿ ಮರಿ ಅನ್ನುತ್ತಾರೆ. ಇದರಲ್ಲಿ ನನಗೆ ಸಂಶಯವೇ ಇಲ್ಲ.

ಸಂಶಯ ಇದ್ದದ್ದು 'ಕಾಡು' ಪದದಲ್ಲಿ. ಹೊರಗಿಂದ ಹಿಡಿದು ತಂದದ್ದೋ, ಡಬ್ಬದಲ್ಲೇ ಹುಟ್ಟಿದ್ದೋ ಅನ್ನುವುದು ಸಾಕುವವರಿಗೆ ಮುಖ್ಯ. ಹೊರಗಿಂದ ತಂದ ದೊಡ್ಡ ಹೆಣ್ಣು ಸಾಮಾನ್ಯವಾಗಿ ಆಗಲೇ ಗಂಡಿನ ಜೊತೆ ಕೂಡಿರುತ್ತದೆ, ವಯಸ್ಸು ತಿಳಿಯುವುದಿಲ್ಲ, ಹೊಟ್ಟೆಯೊಳಗೆ ಬೇರೆಯವರ ಬಿಡಾರವೂ ಇರಬಹುದು. ನನ್ನದೊಂದರ ಹೊಟ್ಟೆಯಿಂದ ನೀರು ಚಿಮುಕಿಸಿದ ಸಂಜೆ ಗೇಣುದ್ದದ ಕರಿಹುಳು ನುಲಿಯುತ್ತ ಹೊರಗೆ ಬಂತು, ಥೇಟ್ ಕುದುರೆ ಬಾಲದ ಕೂದಲು. (ಇಂಗ್ಲಿಷಿನಲ್ಲೂ ಅದರ ಹೆಸರು ಕುದುರೆಕೂದಲ ಹುಳುವೇ. ನಮ್ಮಲ್ಲಿ ಅದು ಇನ್ನೂ ಚೆನ್ನಾಗಿ ಕೂರುತ್ತದೆ, ಕುದುರೆಯೂ ಇದೆಯಲ್ಲ.) ಆದರೆ 'ಕಾಡು ಸೂರ್ಯನ ಕುದುರೆ' ಅಂದರೆ ಕಾಡುಹಂದಿ, ಕಾಡುಕೋಳಿಯ ಹಾಗೆ ಅದು ಬೇರೆ ಜಾತಿಯೇ ಆಗಿಬಿಡುತ್ತದೆ. ನಾನು ಹಿಡಿದದ್ದು ಮನೆ ಮುಂದಿನ ದಾಸವಾಳದಲ್ಲಿ. 'ಸೆರೆ' ಆನೆಗೆ ಸರಿ. ಅಂಗೈಯಲ್ಲಿ ಕೂರುವ ಹುಳುವಿಗೆ ಸೆರೆ ಅಂದರೆ ನಗು ಬರುತ್ತದೆ. ಅಕ್ಕನ ಮಗಳೇ ದಾರಿ ತೋರಿಸಿದಳು: ಡಬ್ಬದ ಮೇಲೆ ಚೀಟಿ ಅಂಟಿಸಿ 'ಬೇಲಿದು', 'ಮನಿದು' ಅಂತ ಬರೆದಿದ್ದಾಳೆ. ನಾನೂ ಬೇಲಿಯದು, ಮನೆಯದು ಅಂತಲೇ ತಿದ್ದಿಕೊಂಡೆ.

'ಸಂತಾನೋತ್ಪತ್ತಿ ಮಾಡಿಸುವುದು' ಅನ್ನುವುದಕ್ಕೆ ಪಾರಿವಾಳದವರ ಮಾತು ತೆಗೆದುಕೊಂಡಿದ್ದೇನೆ: ಜೋಡಿ ಹಾಕುವುದು, ಮರಿ ಮಾಡಿಸುವುದು. ಹೊಟ್ಟೆಯ ಅಡಿಯ ಪಟ್ಟಿ ಎಣಿಸಿದರೆ ಗಂಡಿಗೆ 8, ಹೆಣ್ಣಿಗೆ 6. ಹೆಣ್ಣಿಗೆ ರೆಕ್ಕೆ ಬಂದು ಎರಡು ಮೂರು ವಾರವಾದ ಮೇಲೆ, ಹೊಟ್ಟೆ ತುಂಬ ತಿನ್ನಿಸಿ, ಆಮೇಲೆ ಜೋಡಿ. ಅಷ್ಟು ಮಾಡಿದರೂ ಕೆಲವು ಸಲ ಜೋಡಿಯಲ್ಲಿ ಒಂದೇ ಉಳಿಯುತ್ತದೆ.

ಈಗ ನಿಜವಾಗಿ ಸಿಕ್ಕಿಕೊಂಡಿರುವ ಜಾಗ. ಹೆಣ್ಣು ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುವುದಿಲ್ಲ. ಕಡ್ಡಿಗೆ ತಲೆಕೆಳಗಾಗಿ ಕೂತು ನೊರೆ ಹೊರಡಿಸುತ್ತ, ಆ ನೊರೆಯೊಳಗೆ ಸಾಲುಸಾಲಾಗಿ ಮೊಟ್ಟೆ ಇಡುತ್ತದೆ. ಕೆಲವು ಗಂಟೆಗಳಲ್ಲಿ ನೊರೆ ಒಣಗಿ ತಿಳಿಕಂದು ಬಣ್ಣದ ಗಟ್ಟಿ ಉಂಡೆ. "ಬತ್ತಾಸು ಅಂಟಿಸ್ದಂಗದೆ" ಅಂದಳು ಅಮ್ಮ. ನನ್ನಲ್ಲಿರುವುದು ಹೈರೋಡ್ಯುಲಾ ಕುಲದ ದೊಡ್ಡ ಹಸಿರು ಜಾತಿ. ಒಂದು ಉಂಡೆಯಿಂದ ನೂರಕ್ಕೂ ಹೆಚ್ಚು ಮರಿ ಬರಬಲ್ಲವು. ಇಂಗ್ಲಿಷಿನಲ್ಲಿ ಇದು ಊಥೀಕ. ಅಡುಗೆಮನೆಯ ಜಿರಲೆ ಬೀಳಿಸಿ ಹೋಗುವ ಕಂದು ಗುಳಿಗೆಯೂ ಊಥೀಕವೇ, ನಾವು ಅದನ್ನು 'ಜಿರಲೆ ಮೊಟ್ಟೆ' ಅಂದು ಗುಡಿಸುತ್ತೇವೆ.

ಇದನ್ನು ಗೂಡು ಅನ್ನಲಾರೆ. ನಮ್ಮ ಕಡೆ ಗೂಡು ಅಂದರೆ ರೇಷ್ಮೆಗೂಡು, ಅದರೊಳಗೆ ಮೊಟ್ಟೆ ಇರುವುದಿಲ್ಲ. ನೊರೆಗೂಡು ಅಂದರೆ ಪಶ್ಚಿಮಘಟ್ಟದ ಮರಗಪ್ಪೆಗಳು ನೀರಿನ ಮೇಲಿನ ಎಲೆಗಳಲ್ಲಿ ಕಟ್ಟುವುದು ನೆನಪಾಗುತ್ತದೆ. ಮೊಟ್ಟೆಚೀಲ ಜೇಡದ ಸೊತ್ತು. 'ಅಂಡಕೋಶ' ಅಂತ ಅಕ್ಕನ ಮಗಳ ಟಿಪ್ಪಣಿಯಲ್ಲಿ ಬರೆದು, ಅವಳ ಗೆಳತಿಯರು ನಕ್ಕಾರು ಅಂತ ನಾನೇ ಹೊಡೆದುಹಾಕಿದೆ. ಸಂಸ್ಕೃತ ಬಲ್ಲ ಗೆಳೆಯರೊಬ್ಬರು 'ಅಂಡಸಂಪುಟ' ಅಂದರು. ಸೊಗಸಾಗಿದೆ, ಗ್ರೀಕಿನ ಥೀಕೆ ಅಂದರೂ ಕರಡಿಗೆಯಂಥದ್ದೇ, ಬಿಬ್ಲಿಯೊಥೀಕ ಅಂತ ಪುಸ್ತಕಕ್ಕೂ ಅದೇ ಥೀಕೆ, ನಮ್ಮ ಸಂಪುಟವೂ ಪುಸ್ತಕಕ್ಕೆ ಹೊಂದುತ್ತದೆ. ಆದರೆ ಸಂಪುಟ ಅಂದ ಕೂಡಲೇ ವಿಸ್ತರಣೆ, ಪುನಾರಚನೆ ಕಣ್ಣಮುಂದೆ ಬರುತ್ತವಲ್ಲ.

ನನ್ನ ಮನಸ್ಸು 'ಮೊಟ್ಟೆಯೊರೆ' ಕಡೆ ವಾಲಿದೆ. ಕತ್ತಿಯ ಒರೆಯ ಹಾಗೆ. ಅಮ್ಮನಿಗೆ ಹೇಳಿದರೆ "ಯಾವುದಪ್ಪ ಹೊರೆ, ಸೌದೆದಾ?" ಅಂದಳು. ಬಾಯಲ್ಲಿ ಹೇಳಿದಾಗ ನಿಲ್ಲದ ಪದ ಬರಹದಲ್ಲಿ ಎಷ್ಟು ದಿನ ನಿಂತೀತು?

ಗಂಡಿನ ಜೊತೆ ಕೂಡದ ಹೆಣ್ಣು ಕೂಡ ಇಂಥ ಉಂಡೆ ಇಡುತ್ತದೆ, ನೋಡಲು ಹಾಗೇ ಇದ್ದು ಮರಿ ಬರುವುದಿಲ್ಲ. ಅದಕ್ಕೆ ಮಾತ್ರ ಪದ ಹುಡುಕಬೇಕಾಗಲಿಲ್ಲ, ಜೊಳ್ಳು. ಮೊಟ್ಟೆ ಕಾಳಿನ ಸಾಲಿಗೆ ಸೇರುವುದಾದರೆ ಈ ಉಂಡೆಯನ್ನು 'ತೆನೆ' ಅನ್ನಬಹುದೇ ಅಂತಲೂ ಒಂದು ಯೋಚನೆ: ಮೊಟ್ಟೆತೆನೆ. ಹೇಗೆ ಕೇಳಿಸುತ್ತದೆ ಹೇಳಿ.

ನಿಮ್ಮಿಂದ ಬೇಕಾದದ್ದು ಎರಡು. ಹಾವೇರಿ, ಬೆಳಗಾವಿ ಕಡೆ ರೇಷ್ಮೆ ಸಾಕುವವರ ಬಾಯಲ್ಲಿ ಜ್ವರಕ್ಕೆ ಬೇರೆ ಮಾತಿದೆಯೇ? ಇನ್ನು, ಬೇಲಿ ಸವರುವಾಗ, ತೊಗರಿ ಕಡ್ಡಿ ಕಟ್ಟುವಾಗ ಈ ಬತ್ತಾಸಿನಂಥ ಉಂಡೆ ನಿಮ್ಮ ಮನೆಯ ಹಿರಿಯರ ಕೈಗೆ ಸಿಕ್ಕೇ ಇರುತ್ತದೆ. ಅವರು ಅದನ್ನು ಏನಂದರು? ಬೈಗುಳವಾದರೂ ಪರವಾಗಿಲ್ಲ, ಬರೆಯಿರಿ.