ಬೆಂಗಳೂರಿನ ಹಳೆಯ ಪೇಟೆಯನ್ನು ಎಲ್ಲಿಂದ ನೋಡಲಾರಂಭಿಸಬೇಕು?

ಪ್ರಶ್ನೆ:
ಮುಂದಿನ ವಾರ ಧಾರವಾಡದಿಂದ ಬೆಂಗಳೂರಿಗೆ ಬರಲಿದ್ದೇನೆ. ಮಾಲ್‌ಗಳಲ್ಲಿ ನನಗೆ ಆಸಕ್ತಿಯಿಲ್ಲ. ಒಂದೇ ಬಗೆಯ ಸರಕನ್ನು ತಲೆಮಾರುಗಳಿಂದ ಮಾರುತ್ತ ಬಂದಿರುವ ಸಣ್ಣ ಅಂಗಡಿಗಳನ್ನು ಕಾಲ್ನಡಿಗೆಯಲ್ಲೇ ನೋಡಬೇಕೆಂದಿದ್ದೇನೆ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1:
ಬೆಳಿಗ್ಗೆ ಆರು ಗಂಟೆಗೆಲ್ಲ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿರಿ. ಮಹಡಿಯಿಂದ ಕೆಳಗೆ ನೋಡಿದರೆ ಸೇವಂತಿಗೆ, ಕನಕಾಂಬರಗಳ ರಾಶಿಯ ನಡುವೆ ಹೂವನ್ನು ಮಾರುಗಟ್ಟಲೆ ಅಳೆದು ಕೊಡುವ ಕೈಗಳು ಕಾಣುತ್ತವೆ. ನೆಲ ಜಾರುತ್ತದೆ, ಹೊಸ ಚಪ್ಪಲಿ ಬೇಡ.

ಉತ್ತರ 2:
ಅಲ್ಲಿಂದ ಉತ್ತರಕ್ಕೆ, ಹಿಂದೆ ದೊಡ್ಡಪೇಟೆಯೆನಿಸಿದ್ದ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳತ್ತ ನಡೆಯಿರಿ. ಅಕ್ಕಿಪೇಟೆ, ಅರಳೆಪೇಟೆ, ತರಗುಪೇಟೆಗಳ ಹೆಸರೇ ಹಳೆಯ ವ್ಯಾಪಾರವನ್ನು ಹೇಳುತ್ತದೆ. ಆದರೆ ಹೆಸರನ್ನು ಪೂರ್ತಿ ನಂಬಬೇಡಿ. ಬಳೇಪೇಟೆಯಲ್ಲಿ ನನ್ನನ್ನು ಅರ್ಧ ಗಂಟೆ ನಿಲ್ಲಿಸಿಕೊಂಡದ್ದು ಬಳೆಗಳಲ್ಲ, ವಾದ್ಯಗಳ ಅಂಗಡಿ: ಮೃದಂಗದ ಬಲಮುಖಕ್ಕೆ ಕರಣೆಯೆಂಬ ಕಪ್ಪು ಲೇಪವನ್ನು ಪದರ ಪದರವಾಗಿ ಹಚ್ಚಿ, ಪ್ರತಿ ಸಲವೂ ಕಲ್ಲಿನಿಂದ ಉಜ್ಜಿ, ಬೆರಳಿನಿಂದ ನಾದವನ್ನು ಪರೀಕ್ಷಿಸುತ್ತಿದ್ದ ಹಿರಿಯರೊಬ್ಬರು ನಾನು ಅಲ್ಲಿರುವುದನ್ನೇ ಗಮನಿಸಲಿಲ್ಲ.

ಉತ್ತರ 3:
ಭಾನುವಾರ ಬರಬೇಡಿ, ಪೇಟೆಯ ಅನೇಕ ಅಂಗಡಿಗಳು ಮುಚ್ಚಿರುತ್ತವೆ. ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಕೊಳ್ಳುವುದಿದ್ದರೆ ಮೂರು ಅಂಗಡಿ ಹತ್ತಿಳಿದ ಮೇಲೆಯೇ ಬೆಲೆ ಮಾತಾಡಿ. ಕಾಲು ಸೋತರೆ ಅಲ್ಲಿಯೇ ಮೆಟ್ರೊ ನಿಲ್ದಾಣವಿದೆ.