ಅಪ್‌ಡೇಟ್: ಮಗಳ ಮಂಚಕ್ಕೆ ಕೊನೆಗೂ ಹಾಸಿಗೆ ಬಂತು

ಎರಡು ವರ್ಷದ ಮಗಳ ಪುಟ್ಟ ಮಂಚಕ್ಕೆ ಎಂಥ ಹಾಸಿಗೆ ತರೋದು ಅಂತ ಹತ್ತು ದಿನದ ಹಿಂದೆ ಕೇಳಿದ್ದೆ. ತೆಂಗಿನ ನಾರಿಂದು ತಗೊಳ್ಳಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಅದೇ ಸರಿಹೋಯ್ತು.

ಮೊದಲು ತುಮಕೂರಲ್ಲೇ ಒಂದು ಅಂಗಡೀಲಿ ಮೆಮೊರಿ ಫೋಮ್ ನೋಡಿದ್ವಿ. ಅಂಗೈ ಒತ್ತಿ ತೆಗೆದರೆ ಗುಂಡಿ ಸ್ವಲ್ಪ ಹೊತ್ತು ಹಾಗೇ ಇತ್ತು. ಇವಳು ಬೋರಲು ಮಲಗೋಳು, ಮುಖ ಹುದುಗಿ ಉಸಿರು ಕಟ್ಟೀತು ಅಂತ ನನಗೆ ಭಯವಾಗಿ ಬೇಡ ಅಂದೆ. ಅತ್ತೆ ಕೊಟ್ಟ ಹತ್ತಿ ಹಾಸಿಗೆ ಎರಡು ರಾತ್ರಿ ಹಾಕಿದೆ. ಉಚ್ಚೆ ಒಳಗಿನವರೆಗೂ ಇಳಿದು, ದಿನವಿಡೀ ತಾರಸಿ ಮೇಲೆ ಒಣಗಿಸಿದರೂ ನಡುವೆ ತೇವ ಹೋಗಲಿಲ್ಲ.

ಮಂಚ ಬಡಗಿ ಮಾಡಿದ್ದು, ರೆಡಿಮೇಡ್ ಅಳತೆ ಕೂರಲಿಲ್ಲ. ಅದಕ್ಕೇ ಅಳತೆ ಕೊಟ್ಟು 4 ಇಂಚಿನ ನಾರಿನ ಹಾಸಿಗೆ ಮಾಡಿಸಿದ್ವಿ. ಅಂಚಲ್ಲಿ ಎರಡು ಬೆರಳೂ ತೂರಲ್ಲ, ಅಷ್ಟು ಬಿಗಿ. ಒಂದು ವಿಷಯ ನನಗೆ ಹೊಳೆದೇ ಇರಲಿಲ್ಲ: ಹಾಸಿಗೆ ದಪ್ಪ ಆದಷ್ಟೂ ಪಕ್ಕದ ಅಡ್ಡಪಟ್ಟಿ ಗಿಡ್ಡ ಆಗುತ್ತೆ! 6 ಇಂಚು ತಂದಿದ್ರೆ ಮಗು ಸಲೀಸಾಗಿ ಉರುಳಿ ಬೀಳ್ತಿತ್ತು.

ಉಚ್ಚೆ ಇಳಿಯದ ಹಾಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅಂತ ಕೆಲವರು ಕೊಟ್ಟ ಸಲಹೆ ನಮಗೆ ಆಗಲಿಲ್ಲ, ಬೆನ್ನೆಲ್ಲ ಬೆವರು. ಮೇಲೆ ಬಟ್ಟೆ ಇರೋ ವಾಟರ್‌ಪ್ರೂಫ್ ಕವರ್ ಎರಡು ತಂದೆ, ಒಂದು ಒಗೆಯಕ್ಕೆ ಹೋದಾಗ ಇನ್ನೊಂದು. ನಿನ್ನೆ ರಾತ್ರಿ ಒಂಬತ್ತಕ್ಕೆ ಮಲಗಿದವಳು ಬೆಳಗ್ಗೆ ಆರಕ್ಕೇ ಎದ್ದಿದ್ದು.