482 ವೀಸಾ ಆಫರ್ ಬಂದಿದೆ, ಒಪ್ಕೊಳ್ಲಾ ಇಲ್ಲ ಪಿಆರ್‌ಗೆ (ಕಾಯಂ ವಾಸದ ವೀಸಾಗೆ) ಹಾಕ್ಲಾ? ಆಸ್ಟ್ರೇಲಿಯಾಗೆ ಹೊರಟಿರೋ ಎಲೆಕ್ಟ್ರಿಷಿಯನ್ ಪ್ರಶ್ನೆ

ಪ್ರಶ್ನೆ:
ಮೇಡಂ ನಮಸ್ತೆ. ನಾನು ಎಲೆಕ್ಟ್ರಿಷಿಯನ್, ವಯಸ್ಸು 34, ಟ್ರೇಡ್ ಸರ್ಟಿಫಿಕೇಟ್ ಇದೆ, ಫ್ಯಾಕ್ಟರಿ ಮೇಂಟೆನೆನ್ಸು ಪ್ಯಾನೆಲ್ ವೈರಿಂಗು ಎಲ್ಲಾ ಸೇರಿ ಆರು ವರ್ಷದ ಅನುಭವ. ಆಸ್ಟ್ರೇಲಿಯಾದ ಒಂದು ಕಂಪನಿ 482 ವೀಸಾದಲ್ಲಿ (ಕಂಪನಿ ಸ್ಪಾನ್ಸರ್ ಮಾಡೋ ತಾತ್ಕಾಲಿಕ ಕೆಲಸದ ವೀಸಾ) ಕರೆಸ್ಕೋತೀವಿ ಅಂತ ಆಫರ್ ಕಳ್ಸಿದೆ. ಫ್ರೆಂಡ್ಸ್ ನೋಡಿದ್ರೆ ಅದಕ್ಕೆ ಹೋಗ್ಬೇಡ, ಕಂಪನಿ ಕೈಲಿ ಸಿಕ್ಕಾಕೊಂಡ್ಬಿಡ್ತೀಯ, 189 ಹಾಕು ನೇರ ಪಿಆರ್ ಅಂತಾರೆ. ಹೆಂಡತಿನೂ ಜೊತೆಗೆ ಬರ್ತಾಳೆ. ಯಾವ್ದು ಹಾಕ್ಲಿ?

ಉತ್ತರ:
189 ಚೆನ್ನಾಗೇ ಇದೆ, ಸ್ಪಾನ್ಸರ್ ಬೇಡ, ಯಾವ ಊರಲ್ಲಾದ್ರೂ ಇರ್ಬೋದು. ಆದ್ರೆ ಅದು ವಯಸ್ಸು, ಅನುಭವ, ಇಂಗ್ಲಿಷ್‌ಗೆಲ್ಲಾ ಪಾಯಿಂಟ್ಸ್ ಕೊಟ್ಟು ಆರಿಸೋ ವೀಸಾ, ನಿಮ್ಮ ಪಾಯಿಂಟ್ಸ್ ಲೆಕ್ಕ ಹಾಕಿ ನೋಡಿ. ವಯಸ್ಸಿಗೆ 25 (33ರಿಂದ 39ರ ತನಕ ಅಷ್ಟೇ, 40 ಆಗ್ತಿದ್ದಂಗೆ 15ಕ್ಕೆ ಇಳಿಯತ್ತೆ). 5 ವರ್ಷ ದಾಟಿರೋ ಹೊರದೇಶದ ಅನುಭವಕ್ಕೆ 10. ಸರ್ಟಿಫಿಕೇಟನ್ನ ಸ್ಕಿಲ್ಸ್ ಅಸೆಸ್ಮೆಂಟ್ (ನಿಮ್ಮ ಕೆಲಸದ ಕೌಶಲ್ಯದ ಪರಿಶೀಲನೆ) ಮಾಡೋರು ಒಪ್ಪಿದ್ರೆ 10. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಲಿ ನಾಲ್ಕು ಭಾಗದಲ್ಲೂ 6 ತಗೊಂಡ್ರೆ ಅರ್ಜಿ ಹಾಕೋ ಅರ್ಹತೆ ಬರತ್ತೆ ಅಷ್ಟೇ, ಪಾಯಿಂಟ್ ಸೊನ್ನೆ. ನಾಲ್ಕರಲ್ಲೂ 7 ಬಂದ್ರೆ 10. ನಿಮ್ಮ ಮನೆಯವ್ರು 6 ತಗೊಂಡ್ರೆ ಇನ್ನೊಂದು 5. ಇಷ್ಟೆಲ್ಲಾ ಕೂಡಿ ಬಂದ್ರೂ 60. ಕನಿಷ್ಠ 65 ಇರ್ಬೇಕು, ಅದಿದ್ರೂ ಜಾಸ್ತಿ ಪಾಯಿಂಟ್ ಇರೋರಿಗೆ ಅರ್ಜಿ ಹಾಕಿ ಅಂತ ಮೊದ್ಲು ಕರೆ ಹೋಗತ್ತೆ. ನಿಮ್ಮ ಫ್ರೆಂಡ್ಸ್ ಈ ಲೆಕ್ಕ ಹಾಕಿರಲ್ಲ ಬಿಡಿ.

ಪಾಯಿಂಟ್ಸ್ ದಾರಿನೇ ಬೇಕು ಅಂದ್ರೆ 190 ಇದೆ, ರಾಜ್ಯ ಸರ್ಕಾರ ನಾಮಿನೇಟ್ ಮಾಡಿದ್ರೆ 5 ಸೇರಿ 65, ಅದೂ ಪಿಆರೇ. 491 ಆದ್ರೆ 15 ಸೇರಿ 75, ಆದ್ರೆ ಅದು 5 ವರ್ಷದ್ದು, ರೀಜನಲ್ ಏರಿಯಾದಲ್ಲೇ ಇದ್ದು ದುಡೀಬೇಕು, 3 ವರ್ಷ ಆದ್ಮೇಲೆ 191ಗೆ ಹಾಕಿ ಪಿಆರ್ ಕೇಳ್ಬೋದು.

ಇನ್ನು 482. ಇದೇ ನಂಬರಲ್ಲಿ ಮೊದಲಿದ್ದ ಟಿಎಸ್‌ಎಸ್ ಅನ್ನೋ ವೀಸಾ ತೆಗೆದು 2024ರ ಡಿಸೆಂಬರ್ 7ರಿಂದ ಸ್ಕಿಲ್ಸ್ ಇನ್ ಡಿಮಾಂಡ್ ಅಂತ ಮಾಡಿದ್ದಾರೆ, 4 ವರ್ಷದ ತನಕ ಕೊಡ್ತಾರೆ. ಕೆಲಸ ಸ್ಪಾನ್ಸರ್ ಹತ್ರನೇ ಮಾಡ್ಬೇಕು ಅನ್ನೋದು ನಿಜ, ಆದ್ರೆ ಕೆಲಸ ಬಿಟ್ರೆ ಮಾರನೇ ದಿನವೇ ವಾಪಸ್ ಹೋಗ್ಬೇಕು ಅಂತಿಲ್ಲ. 2024ರ ಜುಲೈ 1ರಿಂದ ಒಂದ್ಸಲಕ್ಕೆ 180 ದಿನ, ಒಟ್ಟು 365 ದಿನ ಟೈಮ್ ಇದೆ ಇನ್ನೊಬ್ಬ ಸ್ಪಾನ್ಸರ್ ಹುಡುಕೋಕೆ. 2 ವರ್ಷ ಕೆಲಸ ಮಾಡಿದ್ಮೇಲೆ, ವಯಸ್ಸು 45 ಆಗಿಲ್ಲ ಅಂದ್ರೆ, ಕಂಪನಿ 186ಕ್ಕೆ ನಾಮಿನೇಟ್ ಮಾಡ್ಬೋದು, ಅದು ಪಿಆರ್. ನಿಮ್ಮ ಜಾಗದಲ್ಲಿ ನಾನಿದ್ರೆ ಆಫರ್ ಸಾಚಾ ಆಗಿದ್ರೆ 482 ತಗೋತಿದ್ದೆ, ಅಲ್ಲಿ ಹೋದ್ಮೇಲೆ ಇಂಗ್ಲಿಷ್ ಸ್ಕೋರ್ ಏರಿಸ್ಕೊಂಡು 190ಗೂ ಹೆಸರು ಹಾಕಿ ಇಡ್ತಿದ್ದೆ. ಒಂದು ಹಾಕಿದ್ರೆ ಇನ್ನೊಂದು ಹಾಕ್ಬಾರ್ದು ಅಂತ ಎಲ್ಲೂ ಇಲ್ಲ.

ಆದ್ರೆ ಯಾವ ವೀಸಾ ಆದ್ರೂ ಎಲೆಕ್ಟ್ರಿಷಿಯನ್‌ಗೆ ಲೈಸೆನ್ಸ್ ಬೇರೆನೇ ವಿಷಯ, ಅದನ್ನ ಕೊಡೋದು ಆಯಾ ರಾಜ್ಯ. ಹೋದ ತಕ್ಷಣ ಒಬ್ರೇ ನಿಂತು ಬೋರ್ಡ್ ಬಿಚ್ಚೋಕೆ ಬಿಡಲ್ಲ. ಮೊದ್ಲು ಪ್ರಾವಿಷನಲ್ ಲೈಸೆನ್ಸ್, ಲೈಸೆನ್ಸ್ ಇರೋರ ಸೂಪರ್ವಿಷನ್‌ನಲ್ಲಿ ಕೆಲಸ, ಜೊತೆಗೆ ಅಲ್ಲಿನ ರೂಲ್ಸ್ ಕಲಿಸೋ ಗ್ಯಾಪ್ ಟ್ರೈನಿಂಗ್, ಆಮೇಲೆ ಫುಲ್ ಲೈಸೆನ್ಸ್. ಅಷ್ಟು ದಿನ ಸೂಪರ್ವಿಷನ್ ಯಾರು ಕೊಡ್ತಾರೆ, ಸಂಬಳ ಎಷ್ಟು ಅಂತ ಕಂಪನಿಯಿಂದ ಈಗ್ಲೇ ಬರೆಸ್ಕೊಳ್ಳಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಮೇಡಂ. ಆಫರ್ ಲೆಟರ್ ಮತ್ತೆ ಓದಿದೆ, ಕೊನೇ ಪೇಜಲ್ಲಿ ಸಣ್ಣಕ್ಷರದಲ್ಲಿ ನಾಮಿನೇಷನ್ ಫೀಸು ಮತ್ತೆ ಟ್ರೈನಿಂಗ್ ಲೆವಿ ಅಂತ ಏನೋ, ಅದನ್ನ ಸಂಬಳದಲ್ಲಿ ಕಂತಲ್ಲಿ ಹಿಡ್ಕೋತೀವಿ ಅಂತಿದೆ. ಇದು ಮಾಮೂಲಿನಾ?

ಉತ್ತರ:
ಮಾಮೂಲಿ ಅಲ್ಲ, ಕಾನೂನಿಗೆ ವಿರುದ್ಧ. ಆ ಲೆವಿ ಅಂದ್ರೆ ಹೊರದೇಶದೋರನ್ನ ಸ್ಪಾನ್ಸರ್ ಮಾಡೋ ಕಂಪನಿ ಸರ್ಕಾರಕ್ಕೆ ಕಟ್ಟೋ ಶುಲ್ಕ, ವಹಿವಾಟು 1 ಕೋಟಿ ಡಾಲರ್‌ಗಿಂತ ಕಮ್ಮಿ ಇರೋ ಕಂಪನಿಗೆ ವರ್ಷಕ್ಕೆ 1200 ಡಾಲರ್, ಅದಕ್ಕಿಂತ ದೊಡ್ಡದಕ್ಕೆ 1800, ಕಂಪನಿನೇ ಕಟ್ಬೇಕು, ನಿಮ್ಮ ಹತ್ರ ವಸೂಲಿ ಮಾಡೋ ಹಾಗಿಲ್ಲ. ನಾಮಿನೇಷನ್ ಫೀಸೂ ಹಾಗೇ. ನಿಮ್ಮ ವೀಸಾ ಅರ್ಜಿ ಫೀಸನ್ನ ನೀವು ಕಟ್ಟೋದು ತಪ್ಪಲ್ಲ. ಸ್ಪಾನ್ಸರ್‌ಶಿಪ್‌ಗೆ ಅಂತ ದುಡ್ಡು ಕೊಟ್ರೆ ಕೊಟ್ಟೋರಿಗೂ ದಂಡ ಬೀಳತ್ತೆ, ವೀಸಾನೂ ರದ್ದಾಗ್ಬೋದು. ಆ ಸಾಲು ತೆಗೀರಿ ಅಂತ ಮೇಲ್ ಹಾಕಿ. ತೆಗೀಲಿಲ್ಲ ಅಂದ್ರೆ ಆ ಆಫರ್ ಬಿಟ್ಬಿಡಿ, ಎರಡು ಮಾತಿಲ್ಲ. ಮಧ್ಯದಲ್ಲಿ ಆಸ್ಟ್ರೇಲಿಯಾದ ಏಜೆಂಟ್ ಯಾರಾದ್ರೂ ಇದ್ರೆ ಅವ್ರ ರಿಜಿಸ್ಟ್ರೇಷನ್ ನಂಬರ್ ಕೇಳಿ ಒಮಾರಾ (ವೀಸಾ ಏಜೆಂಟರನ್ನ ರಿಜಿಸ್ಟರ್ ಮಾಡೋ ಅಲ್ಲಿನ ಸರ್ಕಾರಿ ಕಚೇರಿ) ವೆಬ್‌ಸೈಟಲ್ಲಿ ಹಾಕಿ ನೋಡಿ.

ಇನ್ನೊಬ್ಬ ಸದಸ್ಯರು:
ನಾನು ವೆಲ್ಡರ್ ಮೇಡಂ, 482ರಲ್ಲೇ ಇದೀನಿ. ಕಂಪನಿ ಬದ್ಲಾಯಿಸಿದ್ರೆ ಆ 2 ವರ್ಷದ ಎಣಿಕೆ ಮತ್ತೆ ಮೊದ್ಲಿಂದಾನಾ?

ಉತ್ತರ:
ಇಲ್ಲ, ಮೊದ್ಲು ಹಾಗಿತ್ತು. 2024ರ ಡಿಸೆಂಬರ್ ಬದಲಾವಣೆ ಆದ್ಮೇಲೆ ಅಪ್ರೂವ್ ಆಗಿರೋ ಯಾವ ಸ್ಪಾನ್ಸರ್ ಹತ್ರ ಮಾಡಿದ್ರೂ ಎಣಿಕೆಗೆ ಬರತ್ತೆ. ಹೊಸ ಕಂಪನಿ ನಾಮಿನೇಷನ್ ಅಪ್ರೂವ್ ಆಗಿದ್ಯಾ ಅಂತ ನೋಡ್ಕೊಂಡು ರಾಜೀನಾಮೆ ಕೊಡಿ, ಪೇಸ್ಲಿಪ್ ಒಂದೂ ಬಿಸಾಕ್ಬೇಡಿ.

ಪ್ರಶ್ನೆ ಕೇಳಿದವರು:
ಕೊನೇದು ಮೇಡಂ, ಅಸೆಸ್ಮೆಂಟ್‌ಗೆ ಹಳೇ ಕಂಪನಿಯ ಎಕ್ಸ್‌ಪೀರಿಯನ್ಸ್ ಲೆಟರ್ ಒಂದಿದ್ರೆ ಸಾಕಾ?

ಉತ್ತರ:
ಅದ್ರಲ್ಲಿ ಏನು ಬರೆದಿದೆ ನೋಡಿ. "ಇವರು ಇಷ್ಟು ವರ್ಷ ಎಲೆಕ್ಟ್ರಿಷಿಯನ್ ಆಗಿದ್ರು, ನಡತೆ ಚೆನ್ನಾಗಿತ್ತು" ಅಂತಷ್ಟೇ ಇದ್ರೆ ಉಪಯೋಗಕ್ಕೆ ಬರಲ್ಲ. ಕಂಪನಿ ಲೆಟರ್‌ಹೆಡ್‌ನಲ್ಲಿ ಸೇರಿದ ಬಿಟ್ಟ ತಾರೀಖು, ಫುಲ್ ಟೈಮಾ ಅನ್ನೋದು, ಮಾಡಿದ ಕೆಲಸ ಒಂದೊಂದಾಗಿ ಬರ್ಬೇಕು: ಪ್ಯಾನೆಲ್ ವೈರಿಂಗ್, ಅರ್ತಿಂಗ್ ಟೆಸ್ಟ್, ಮೋಟಾರ್ ಸ್ಟಾರ್ಟರ್ ಕನೆಕ್ಷನ್, ಫಾಲ್ಟ್ ಹುಡುಕೋದು. ಸಂಬಳ ಬಂದ ಬ್ಯಾಂಕ್ ಸ್ಟೇಟ್ಮೆಂಟ್ ಜೊತೆಗಿಡಿ. ಆಮೇಲೆ ಟೆಕ್ನಿಕಲ್ ಇಂಟರ್ವ್ಯೂ, ಪ್ರಾಕ್ಟಿಕಲ್ ಇರತ್ತೆ, ಬರೆಸಿರೋ ಕೆಲಸನ ನಿಮ್ಮ ಕೈಯಿಂದಲೇ ಮಾಡಿಸಿ ನೋಡ್ತಾರೆ, ಹಾಗಾಗಿ ಮಾಡದೇ ಇರೋದನ್ನ ಲೆಟರ್‌ನಲ್ಲಿ ಸೇರಿಸೋಕೆ ಹೋಗ್ಬೇಡಿ.